ಪ್ಯಾರಡೈಸ್‌ನಿಂದ ಪನೋರಮಾ ಪಾಯಿಂಟ್‌ಗೆ: ಜೂನ್ ಹಿಮದ ಮೇಲೆ ಏರುದಾರಿ

ಮೌಂಟ್ ರೈನಿಯರ್ ಎಂದರೆ ಹೆಚ್ಚಿನವರ ಕಣ್ಣಿಗೆ ಬರುವ ಚಿತ್ರ ಒಂದೇ: ಕೆಳಗೆ ನೇರಳೆ ಲುಪಿನ್ ಹೂಗಳ ಹುಲ್ಲುಗಾವಲು, ಮೇಲೆ ಬೆಳ್ಳನೆಯ ಶಿಖರ. ಅದು ಜುಲೈ ಕೊನೆ, ಆಗಸ್ಟ್ ಮೊದಲ ವಾರಗಳ ಚಿತ್ರ. ಜೂನ್ ಆರಂಭದಲ್ಲಿ ಅದೇ ಜಾಗಕ್ಕೆ ಬಂದು ನಿಂತರೆ ಹೂವಿಲ್ಲ, ಹುಲ್ಲಿಲ್ಲ, ಕಾಲುದಾರಿಯ ಗುರುತೂ ಇಲ್ಲ. ಎಲ್ಲವನ್ನೂ ಆಳೆತ್ತರದ ಹಿಮ ಮುಚ್ಚಿಕೊಂಡಿರುತ್ತದೆ. ಬಂದವರಲ್ಲಿ ಕೆಲವರು ನಿರಾಸೆಯಿಂದ ಕಾರು ತಿರುಗಿಸುವುದೂ ಉಂಟು. ಆದರೆ ಈ ಪರ್ವತ ಹೇಗೆ ಬದುಕುತ್ತದೆ, ಸುತ್ತಲಿನ ನಾಡನ್ನು ಹೇಗೆ ಬದುಕಿಸುತ್ತದೆ ಎಂಬುದನ್ನು ನೋಡಬೇಕಿದ್ದರೆ ಜೂನ್ ತಿಂಗಳಿಗಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಅದನ್ನು ನೋಡಲು ತಕ್ಕ ಜಾಗ ಪನೋರಮಾ ಪಾಯಿಂಟ್. ಸಮುದ್ರಮಟ್ಟದಿಂದ ಸುಮಾರು 6,800 ಅಡಿ ಎತ್ತರದ, ದಕ್ಷಿಣ ಇಳಿಜಾರಿನ ಒಂದು ನೆತ್ತಿ ಅದು.

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರದಿಂದ ಎರಡೂವರೆ ಮೂರು ಗಂಟೆ ಕಾರು ಓಡಿಸಿದರೆ ಸಿಗುವ ಪರ್ವತ ರೈನಿಯರ್. ಎತ್ತರ 14,410 ಅಡಿ. ಅಲಾಸ್ಕವನ್ನು ಬದಿಗಿಟ್ಟರೆ ಅಮೆರಿಕದಲ್ಲಿ ಇಷ್ಟೊಂದು ಹಿಮನದಿಗಳನ್ನು ಹೊತ್ತ ಶಿಖರ ಇನ್ನೊಂದಿಲ್ಲ. 1899ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಆ ದೇಶದ ಐದನೆಯ ಉದ್ಯಾನ ಇದು. ಹಿಮ ಹೊದ್ದಿದ್ದರೂ ಒಳಗೆ ಇದು ಜೀವಂತ ಜ್ವಾಲಾಮುಖಿ.

ನದಿಯ ಗುಂಟ ಮೇಲಕ್ಕೆ

ದಾರಿಯುದ್ದಕ್ಕೂ ನಿಸ್ಕ್ವಾಲಿ ನದಿ ಜೊತೆಗಿರುತ್ತದೆ. ಮೊದಲು ಸಿಗುವುದು ಆಲ್ಡರ್ ಸರೋವರ. ಟಕೋಮಾ ನಗರಕ್ಕೆ ವಿದ್ಯುತ್ ಒದಗಿಸಲು 1945ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರು ಅದು. ನೀರಿನ ಬಣ್ಣ ಹಾಲು ಬೆರೆಸಿದ ಹಸಿರು. ಹಿಮನದಿ ಬಂಡೆಯನ್ನು ಉಜ್ಜಿ ನುಣ್ಣಗೆ ಅರೆದ ಕಲ್ಲಿನ ಹುಡಿ ನೀರಿನಲ್ಲಿ ತೇಲುತ್ತ ಬರುವುದರಿಂದ ಆ ಬಣ್ಣ. ಪರ್ವತ ಇನ್ನೂ ಮರಗಳ ಹಿಂದೆ ಅಡಗಿರುವಾಗಲೇ ಅದರ ಪುಡಿ ನಮ್ಮ ಕಣ್ಣಿಗೆ ಬಿದ್ದಿರುತ್ತದೆ.

ಆಶ್‌ಫರ್ಡ್ ಊರು ದಾಟಿ ಉದ್ಯಾನದ ಹೆಬ್ಬಾಗಿಲು ಹೊಕ್ಕರೆ ರಸ್ತೆ ಹಳೆಯ ಕಾಡಿನೊಳಗೆ ನುಗ್ಗುತ್ತದೆ. ಲಾಂಗ್‌ಮೈರ್‌ನಲ್ಲಿ, 2,700 ಅಡಿ ಎತ್ತರದಲ್ಲಿ, ನೆಲ ಒಣಗಿತ್ತು, ಗಾಳಿ ಬೆಚ್ಚಗಿತ್ತು. ಅಲ್ಲಿಂದ ಕೆಲವೇ ಮೈಲಿ ಮೇಲೆ, ನಿಸ್ಕ್ವಾಲಿ ನದಿಯ ಸೇತುವೆ. ಕೆಳಗೆ ಬೂದು ಬಂಡೆಗಳ ಅಗಲವಾದ ಪಾತ್ರ, ನಡುವೆ ಸಣ್ಣ ಹರಿವು. 1840ರ ಸುಮಾರಿಗೆ ಹಿಮನದಿಯ ಮೂತಿ ಈ ಸೇತುವೆಯ ಜಾಗವನ್ನೂ ದಾಟಿ ಕೆಳಗೆ ಚಾಚಿತ್ತು. ಇಂದು ಅದನ್ನು ಕಾಣಲು ಕತ್ತು ಎತ್ತಿ ಕಣಿವೆಯ ತಲೆಯತ್ತ ನೋಡಬೇಕು.

ಮುಂದೆ ನಾರದ ಜಲಪಾತ. ಹೌದು, ನಮ್ಮ ನಾರದ ಮುನಿಯೇ. 1893ರಲ್ಲಿ ಟಕೋಮಾದ ಥಿಯಾಸಫಿಕಲ್ ಸೊಸೈಟಿಯ ನಾರದ ಶಾಖೆಯವರಿಂದ ಬಂದ ಹೆಸರು ಅದು. ಸುಮಾರು 180 ಅಡಿ ಮೇಲಿನಿಂದ ಪ್ಯಾರಡೈಸ್ ನದಿ ಬಂಡೆಯ ಮೈಮೇಲೆ ಹರಡಿ ಧುಮುಕುತ್ತದೆ. ಜೂನಿನಲ್ಲಿ ಕರಗುವ ಹಿಮದಿಂದ ಅದು ಮೈದುಂಬಿರುತ್ತದೆ, ನೋಡುಗರ ಮುಖಕ್ಕೆ ತುಂತುರು ಎರಚುತ್ತದೆ.

ಕಾರು ನಿಲ್ಲುವಲ್ಲೇ ಚಳಿಗಾಲ

ಚಾರಣ ಶುರುವಾಗುವ ಪ್ಯಾರಡೈಸ್ 5,400 ಅಡಿ ಎತ್ತರದಲ್ಲಿದೆ. ಕಾರಿನ ಬಾಗಿಲು ತೆರೆದಾಗ ಪಾರ್ಕಿಂಗ್ ಜಾಗದ ಅಂಚಿನಲ್ಲಿ ಹಿಮದ ಗೋಡೆ ನನಗಿಂತ ಎತ್ತರ ನಿಂತಿತ್ತು. ಯಂತ್ರ ಕೊರೆದ ಗೋಡೆಯಾದ್ದರಿಂದ ಒಳಗಿನ ಪದರಗಳು ಸ್ಪಷ್ಟ ಕಾಣುತ್ತಿದ್ದವು: ಒಂದು ಬಿಳಿ, ಒಂದು ಮಾಸಲು, ಒಂದು ಗಾಜಿನಂತೆ ಗಟ್ಟಿ. ಒಂದೊಂದು ಬಿರುಗಾಳಿಗೂ ಒಂದೊಂದು ಪದರ.

ಇಲ್ಲಿ ವರ್ಷಕ್ಕೆ ಸರಾಸರಿ 640 ಅಂಗುಲ, ಅಂದರೆ ಐವತ್ತು ಅಡಿಗೂ ಮಿಕ್ಕಿ ಹಿಮ ಸುರಿಯುತ್ತದೆ. 1971-72ರ ಒಂದೇ ಚಳಿಗಾಲದಲ್ಲಿ ಬಿದ್ದದ್ದು 1,122 ಅಂಗುಲ. ಜಗತ್ತಿನಲ್ಲಿ ಎಲ್ಲೂ ಅಷ್ಟು ದಾಖಲಾಗಿರಲಿಲ್ಲ. 1998-99ರಲ್ಲಿ ಇದೇ ರಾಜ್ಯದ ಮೌಂಟ್ ಬೇಕರ್ ಬಳಿ 1,140 ಅಂಗುಲ ಬಿದ್ದು ಆ ದಾಖಲೆ ಮುರಿಯಿತು. ಕಾರಣ ಆಗುಂಬೆಯನ್ನು ಕಂಡವರಿಗೆ ಬೇಗ ಅರ್ಥವಾಗುತ್ತದೆ. ಪಡುವಣ ಕಡಲಿನ ತೇವ ಹೊತ್ತ ಗಾಳಿ ಬೆಟ್ಟಕ್ಕೆ ಬಡಿಯುತ್ತದೆ, ಮೇಲೇರುತ್ತದೆ, ತಣಿಯುತ್ತದೆ, ಹೊತ್ತದ್ದನ್ನು ಅಲ್ಲೇ ಇಳಿಸುತ್ತದೆ. ನಮ್ಮಲ್ಲಿ ಮಳೆಯಾಗುವುದು ಇಲ್ಲಿ ಎತ್ತರ ಮತ್ತು ಚಳಿಯಿಂದ ಹಿಮವಾಗುತ್ತದೆ. ಆಗುಂಬೆ ದಾಟಿ ಪೂರ್ವಕ್ಕೆ ಹೋದರೆ ನೆಲ ಹೇಗೆ ಒಣಗುತ್ತದೋ ಹಾಗೆಯೇ ರೈನಿಯರ್ ದಾಟಿದರೆ ಯಾಕಿಮಾ ಕಡೆಯ ಒಣಭೂಮಿ.

1917ರಲ್ಲಿ ಬಾಗಿಲು ತೆರೆದ ಪ್ಯಾರಡೈಸ್ ಇನ್ ಎಂಬ ಮರದ ಹೋಟೆಲಿನ ಕಡಿದಾದ ಚಾವಣಿ ನೋಡಿದರೆ ಇಲ್ಲಿ ಕಟ್ಟುವವರ ಚಿಂತೆ ಏನೆಂದು ಗೊತ್ತಾಗುತ್ತದೆ. ಅದರ ಹತ್ತಿರದ ಸಂದರ್ಶಕರ ಕೇಂದ್ರದಲ್ಲಿ ರೇಂಜರ್‌ಗಳ ಮೇಜು ಇದೆ. ಮೊದಲು ಅಲ್ಲಿಗೆ ಹೋದೆ. ಆ ದಿನದ ಹಿಮ ಹೇಗಿದೆ, ಗುರುತಿನ ಕೋಲುಗಳು ಎಲ್ಲಿಯವರೆಗೆ ಇವೆ, ಮಧ್ಯಾಹ್ನ ಮೋಡ ಕವಿಯುತ್ತದೆಯೇ ಎಂಬುದನ್ನು ಅವರಿಗಿಂತ ಚೆನ್ನಾಗಿ ಯಾವ ಫೋನೂ ಹೇಳಲಾರದು. ರೇಂಜರ್ ಯುವತಿ ಭಿತ್ತಿನಕ್ಷೆಯ ಮೇಲೆ ಬೆರಳಿಟ್ಟು, ಬೇಸಿಗೆಯ ಕಾಲುದಾರಿ ಪನೋರಮಾದ ಕೆಳಗೆ ಇಳಿಜಾರನ್ನು ಅಡ್ಡಲಾಗಿ ದಾಟುತ್ತದೆ, ಹಿಮವಿರುವಾಗ ಆ ಅಡ್ಡದಾರಿ ಹಿಡಿಯಬೇಡಿ, ಏಣಿನ ಮೇಲೇ ನೇರ ಏರಿ ಎಂದಳು. ಆಮೇಲೆ ನನ್ನ ಬೂಟು ನೋಡಿದಳು. ಬೂಟಿನ ಅಡಿಗೆ ತೊಡಿಸುವ ಉಕ್ಕಿನ ಹಲ್ಲಿನ ಮೈಕ್ರೋಸ್ಪೈಕ್ ಇದೆಯೇ ಎಂದು ಕೇಳಿ, ಇದೆ ಎಂದ ಮೇಲೆಯೇ ತಲೆಯಾಡಿಸಿದಳು.

ಹೊರಗೆ ಕಲ್ಲು ಮೆಟ್ಟಿಲುಗಳ ಹತ್ತಿರ ಕನ್ನಡ ಕಿವಿಗೆ ಬಿತ್ತು. ಸಿಯಾಟಲ್ ಬಳಿಯ ರೆಡ್ಮಂಡ್, ಬೆಲ್‌ವ್ಯೂ ಕಡೆ ಕೆಲಸದಲ್ಲಿರುವ ಕನ್ನಡಿಗರು ಊರಿಂದ ಬಂದ ತಂದೆ ತಾಯಿಯನ್ನು ತಪ್ಪದೆ ಕರೆತರುವ ಜಾಗಗಳಲ್ಲಿ ಇದೂ ಒಂದು. ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡಿದ್ದ ತಾಯಿ, ಹಾಸನ ಕಡೆಯವರು, ಹಿಮವನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದರು.

“ಅಮ್ಮ, ಇನ್ನೊಂದು ಗಂಟೆ ಹತ್ತಿದ್ರೆ ಹಿಮನದಿ ಕಾಣುತ್ತಂತೆ, ಬಾ” ಎಂದ ಮಗ.

“ನಂಗೆ ಇಲ್ಲಿಂದ್ಲೇ ಕಣ್ತುಂಬ ಕಾಣ್ತಿದೆ ಕಣಪ್ಪಾ. ನೀನು ಹೋಗ್ಬಾ. ಜಾರೋ ಕಡೆ ಮಾತ್ರ ಕಾಲಿಡ್ಬೇಡ.”

ಅವನ ಕಾಲಲ್ಲಿ ನಗರದಲ್ಲಿ ಓಡುವ ತೆಳ್ಳನೆಯ ಶೂ. ಆಲ್ಟಾ ವಿಸ್ಟಾ ದಿಬ್ಬದವರೆಗೆ ಮಾತ್ರ ಹೋಗಿ ಬನ್ನಿ, ಅಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದೆ, ಅದರ ಮೇಲಕ್ಕೆ ಆ ಶೂ ಸಾಲದು ಎಂದು ಹೇಳಿದೆ. “ನೋಡು, ಅವರೂ ಅದನ್ನೇ ಹೇಳ್ತಿದಾರೆ” ಎಂದರು ತಾಯಿ. ಮಗ ಒಪ್ಪಿದ.

ಹಿಮ ಓದುತ್ತ ನಡೆಯುವುದು

ಮೊದಲ ಅರ್ಧ ಗಂಟೆ ಸಬ್‌ಆಲ್ಪೈನ್ ಫರ್ ಮತ್ತು ಮೌಂಟನ್ ಹೆಮ್‌ಲಾಕ್ ಮರಗಳ ಗುಂಪುಗಳ ನಡುವೆ. ಮರದ ಬುಡದಲ್ಲಿ ಹಿಮ ಬೇಗ ಕರಗಿ ಸುತ್ತ ಆಳದ ಗುಂಡಿಯಾಗಿರುತ್ತದೆ; ಕೊಂಬೆ ಹಿಡಿದು ನಿಲ್ಲುವ ಆಸೆಗೆ ಹತ್ತಿರ ಹೋಗಬಾರದು. ಬೆಳಗಿನ ಹಿಮ ರಾತ್ರಿಯ ಚಳಿಗೆ ಗಟ್ಟಿಯಾಗಿತ್ತು, ಮೈಕ್ರೋಸ್ಪೈಕ್‌ನ ಹಲ್ಲು ಕರಕರ ಸದ್ದಿನೊಂದಿಗೆ ಕಚ್ಚಿ ಹಿಡಿಯುತ್ತಿತ್ತು. ಇದೇ ಹಿಮ ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗಿ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಆದ್ದರಿಂದ ಹೊತ್ತಿಗೆ ಮುಂಚೆ ಹೊರಟವರಿಗೆ ಅರ್ಧ ಶ್ರಮ ಕಡಿಮೆ.

ಒಂದು ಕಡೆ ಕಾಲಡಿಯಿಂದ ನೀರಿನ ಸದ್ದು ಬಂತು. ಹಿಮದ ಅಡಿಯಲ್ಲಿ ತೊರೆ ಹರಿಯುತ್ತಿತ್ತು. ಇಡೀ ಚಳಿಗಾಲ ಮುಚ್ಚಿಕೊಂಡಿದ್ದ ತೊರೆಗಳು ಜೂನಿನಲ್ಲಿ ಕೆಳಗಿನಿಂದ ಹಿಮವನ್ನು ಕರಗಿಸುತ್ತ ಮೇಲೆ ತೆಳ್ಳನೆಯ ಕಮಾನು ಉಳಿಸುತ್ತವೆ. ನೋಡಲು ಎಲ್ಲ ಕಡೆಯಂತೆಯೇ ಬಿಳಿ, ಒಳಗೆ ಟೊಳ್ಳು. ಮೇಲ್ಮೈ ಸ್ವಲ್ಪ ಕುಸಿದು ಬೂದು ಬಣ್ಣಕ್ಕೆ ತಿರುಗಿದ್ದರೆ, ಕೆಳಗಿನಿಂದ ಸದ್ದು ಬರುತ್ತಿದ್ದರೆ, ಸುತ್ತುಹಾಕಿ ಹೋಗುವುದೇ ಸರಿ. ಈಡಿತ್ ತೊರೆ ಮತ್ತು ಪ್ಯಾರಡೈಸ್ ನದಿಯ ದಡಗಳಲ್ಲಿ ಈ ಎಚ್ಚರ ಇಮ್ಮಡಿ ಬೇಕು.

ಬಿಸಿಲು ಬೀಳುವ ಇಳಿಜಾರೊಂದರಲ್ಲಿ ಹಿಮ ತಿಳಿಗೆಂಪಾಗಿತ್ತು. ಹಿಮದಲ್ಲೇ ಬದುಕುವ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಸುಡುವ ಬಿಸಿಲಿನಿಂದ ಕಾಪಾಡಿಕೊಳ್ಳಲು ಕೆಂಪು ಬಣ್ಣ ತಾಳುತ್ತದೆ. ಕೆಂಪಾದ ಹಿಮ ಹೆಚ್ಚು ಬಿಸಿಲು ಹೀರಿ ಬೇಗ ಕರಗುತ್ತದೆ. ಬಿಸಿಲು ನಮ್ಮನ್ನೂ ಬಿಡುವುದಿಲ್ಲ; ಮೇಲಿನಿಂದಷ್ಟೇ ಅಲ್ಲ, ಹಿಮದಿಂದ ಚಿಮ್ಮಿ ಕೆಳಗಿನಿಂದಲೂ ಬರುತ್ತದೆ. ಗಲ್ಲದ ಅಡಿ, ಮೂಗಿನ ಕೆಳಗೆಲ್ಲ ಸನ್‌ಸ್ಕ್ರೀನ್ ಹಚ್ಚದಿದ್ದರೆ ಸಂಜೆಗೆ ಉರಿ ತಪ್ಪದು. ಕಪ್ಪು ಕನ್ನಡಕವಿಲ್ಲದೆ ಇಲ್ಲಿ ನಡೆಯುವುದು ಕಣ್ಣಿಗೆ ನಿಜವಾದ ಅಪಾಯ.

ಬಂಡೆಯೊಂದರ ಮೇಲಿನಿಂದ ಉದ್ದನೆಯ ಸಿಳ್ಳೆ. ಮಾರ್ಮಾಟ್. ಬೆಕ್ಕಿಗಿಂತ ದೊಡ್ಡ, ಬೂದು ಬೆನ್ನಿನ ಈ ಅಳಿಲುಕುಲದ ಪ್ರಾಣಿ ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಬಿಲದೊಳಗೆ ನಿದ್ದೆ ಮಾಡಿ ಈಗಷ್ಟೇ ಎದ್ದು ಬಂದಿರುತ್ತದೆ. ಜನ ಎಸೆಯುವ ತಿಂಡಿ ಅದಕ್ಕೂ, ಪಾರ್ಕಿಂಗ್ ಸುತ್ತ ಸುಳಿಯುವ ನರಿಗೂ ಹಾನಿ. ಕೊಡಲೇಬಾರದು.

ಚಲಿಸುವ ಮಂಜುಗಡ್ಡೆಯ ಎದುರು

ಆಲ್ಟಾ ವಿಸ್ಟಾ ಬಿಟ್ಟು ಮೇಲೇರಿದರೆ ಗ್ಲೇಸಿಯರ್ ವಿಸ್ಟಾ. ಎಡಗಡೆ ನೆಲ ಒಮ್ಮೆಲೇ ಕೆಳಗಿಳಿದು ನಿಸ್ಕ್ವಾಲಿ ಹಿಮನದಿಯ ಕಣಿವೆ ತೆರೆದುಕೊಳ್ಳುತ್ತದೆ. ಶಿಖರದ ಬಳಿಯಿಂದ ಹೊರಟ ಮಂಜುಗಡ್ಡೆ ಮೆಟ್ಟಿಲು ಮೆಟ್ಟಿಲಾಗಿ ಒಡೆದು, ನೀಲಿ ಬಿರುಕುಗಳನ್ನು ತೋರಿಸುತ್ತ, ಕೆಳಗೆ ಬರುಬರುತ್ತ ಮಣ್ಣುಕಲ್ಲು ಹೊದ್ದು ಬೂದಾಗುತ್ತದೆ. ನಿಂತು ಕೇಳಿದರೆ ಆಗಾಗ ಕಲ್ಲು ಉರುಳುವ ಸದ್ದು.

ನೋಡಲು ನಿಶ್ಚಲ, ನಿಜದಲ್ಲಿ ಅದು ಹರಿಯುತ್ತಿದೆ. ವರ್ಷಗಟ್ಟಲೆ ಬಿದ್ದ ಹಿಮ ತನ್ನ ಭಾರಕ್ಕೆ ತಾನೇ ಒತ್ತಿ, ಗಾಳಿ ಕಳೆದುಕೊಂಡು ಮಂಜುಗಡ್ಡೆಯಾಗುತ್ತದೆ. ಸಾಕಷ್ಟು ದಪ್ಪವಾದ ಮೇಲೆ ಆ ಗಡ್ಡೆ ಇಳಿಜಾರಿನಲ್ಲಿ ಸರಿಯತೊಡಗುತ್ತದೆ. 1970ರ ಮೇ ತಿಂಗಳಲ್ಲಿ ನಿಸ್ಕ್ವಾಲಿ ದಿನಕ್ಕೆ 29 ಅಂಗುಲದವರೆಗೂ ಸರಿದದ್ದನ್ನು ಅಳೆಯಲಾಗಿತ್ತು. ಕರಗಿದ ನೀರು ತಳ ಸೇರಿ ಜಾರಿಕೆ ಹೆಚ್ಚಿಸುವುದರಿಂದ ಬೇಸಿಗೆಯಲ್ಲಿ ಓಟ ಹೆಚ್ಚು.

ಹಿಮನದಿಯ ಬದುಕು ಮೇಲೆ ಸೇರುವ ಹಿಮ ಮತ್ತು ಕೆಳಗೆ ಕರಗಿ ಹರಿಯುವ ನೀರಿನ ನಡುವಿನ ಲೆಕ್ಕ. ಜೂನಿನಲ್ಲಿ ನಿಂತು ನೋಡುವವನಿಗೆ ಜಮೆಯ ಭಾಗ ಕಣ್ಣ ಮುಂದಿರುತ್ತದೆ: ಚಳಿಗಾಲದ ಗಳಿಕೆಯ ಹೆಚ್ಚಿನ ಪಾಲು ಇನ್ನೂ ಖರ್ಚಾಗದೆ ಉಳಿದಿರುವ ಕಾಲ ಇದು. ಆದರೂ ಒಟ್ಟು ಲೆಕ್ಕ ನಷ್ಟದಲ್ಲಿದೆ. 1913ರಿಂದ 1994ರ ನಡುವೆ ರೈನಿಯರ್‌ನ ಹಿಮನದಿಗಳು ತಮ್ಮ ವಿಸ್ತೀರ್ಣದ ಐದನೇ ಒಂದು ಭಾಗದಷ್ಟನ್ನು ಕಳೆದುಕೊಂಡವು. ಆಮೇಲೂ ಕರಗುವುದು ನಿಂತಿಲ್ಲ. ಇಲ್ಲಿಂದ ಪೂರ್ವಕ್ಕೆ, ಪ್ಯಾರಡೈಸ್ ಹಿಮನದಿಯ ಅಡಿಯಲ್ಲಿ ನೀಲಿ ಬೆಳಕಿನ ಹಿಮಗುಹೆಗಳಿದ್ದವು. ಅವುಗಳನ್ನು ನೋಡಲೆಂದೇ ತಲೆಮಾರುಗಳ ಕಾಲ ಜನ ಬರುತ್ತಿದ್ದರು. 1990ರ ದಶಕದ ಹೊತ್ತಿಗೆ ಅವು ಕುಸಿದು ಇಲ್ಲವಾದವು. ಅದೇ ದಕ್ಷಿಣ ಮುಖದ ಸ್ಟೀವನ್ಸ್ ಹಿಮನದಿಯನ್ನು ಉದ್ಯಾನದ ವಿಜ್ಞಾನಿಗಳು ಇತ್ತೀಚೆಗೆ ಹಿಮನದಿಗಳ ಪಟ್ಟಿಯಿಂದಲೇ ಕೈಬಿಟ್ಟಿದ್ದಾರೆ.

ಕೊನೆಯ ಏರು

ಗ್ಲೇಸಿಯರ್ ವಿಸ್ಟಾದಿಂದ ಪನೋರಮಾದವರೆಗಿನ ಮುಖವೇ ಈ ಚಾರಣದ ನಿಜವಾದ ಪರೀಕ್ಷೆ. ಬೇಸಿಗೆಯಲ್ಲಿ ಮಕ್ಕಳೂ ಆರಾಮವಾಗಿ ಹತ್ತುವ ಕಾಲುದಾರಿ ಈಗ ಹಿಮದಡಿ ಮಾಯ. ಉಳಿದಿರುವುದು ಕಡಿದಾದ ಬಿಳಿ ಇಳಿಜಾರು. ಚಳಿಗಾಲದಲ್ಲಿ ಇದು ಹಿಮಕುಸಿತದ ಜಾಗ. ಹೊಸ ಹಿಮ ಬಿದ್ದ ಮರುದಿನ, ಇಲ್ಲವೇ ಮಳೆ ಸುರಿದ ದಿನ, ಜೂನಿನಲ್ಲೂ ಇದರ ತಂಟೆಗೆ ಹೋಗಬಾರದು.

ರೇಂಜರ್ ಹೇಳಿದಂತೆ ಏಣು ಹಿಡಿದೆ. ಮುಂದೆ ಹೋದವರು ಒದ್ದು ಮಾಡಿದ ಹೆಜ್ಜೆಗುಳಿಗಳಿದ್ದವು. ಅದರಲ್ಲೇ ಕಾಲಿಟ್ಟು, ಎರಡು ಕೋಲು ಊರಿ, ಉಸಿರಿಗೊಂದು ಹೆಜ್ಜೆಯಂತೆ ಏರುವುದು. ಕೆಲವರ ಕೈಯಲ್ಲಿ ಐಸ್ ಆಕ್ಸ್. ಅದು ತೋರಿಕೆಯ ವಸ್ತುವಲ್ಲ. ಜಾರಿದಾಗ ಅದರ ಮೊನೆಯನ್ನು ಹಿಮಕ್ಕೆ ಒತ್ತಿ ತಡೆದುಕೊಳ್ಳುವುದನ್ನು ಮೊದಲೇ ಕಲಿತಿರಬೇಕು. ಕಲಿಯದವನ ಕೈಯಲ್ಲಿ ಅದೇ ಆಯುಧ ಗಾಯ ಮಾಡುತ್ತದೆ.

ಮೇಲೆ ತಲುಪಿದಾಗ ಗಾಳಿ ಜೋರು, ಆಕಾಶ ನಿರ್ಮಲ. ಹಿಂದಕ್ಕೆ ತಿರುಗಿದರೆ ಕಣಿವೆಯಾಚೆ ತಟೂಶ್ ಶ್ರೇಣಿಯ ಗರಗಸದ ಹಲ್ಲುಗಳು. ಅದರ ಹಿಂದೆ ಎಡಕ್ಕೆ 12,276 ಅಡಿಯ ಮೌಂಟ್ ಆಡಮ್ಸ್. ಬಲಕ್ಕೆ ತಲೆ ಚಪ್ಪಟೆಯಾದ ಮೌಂಟ್ ಸೇಂಟ್ ಹೆಲೆನ್ಸ್. 1980ರ ಮೇ 18ರಂದು ಸಿಡಿದು 1,300 ಅಡಿಯಷ್ಟು ಎತ್ತರ ಕಳೆದುಕೊಂಡ, 57 ಜನರ ಜೀವ ತೆಗೆದ ಪರ್ವತ. ಎರಡರ ನಡುವೆ ದೂರದಲ್ಲಿ ಆರೆಗಾನ್ ರಾಜ್ಯದ ಮೌಂಟ್ ಹುಡ್. ರೈನಿಯರ್ ಸೇರಿ ನಾಲ್ಕೂ ಒಂದೇ ಜ್ವಾಲಾಮುಖಿ ಸಾಲಿನವು.

ನಿಂತ ನೆಲದ ಸ್ವಭಾವವೂ ಅದೇ. ರೈನಿಯರ್ ಉಕ್ಕಿದರೆ ಲಾವಾಕ್ಕಿಂತ ಹೆಚ್ಚು ಭಯ ಕೆಸರಿನದು. ಬಿಸಿ ಕಲ್ಲು ಹಿಮವನ್ನು ಕರಗಿಸಿ, ಮಣ್ಣು ಬಂಡೆ ಮರಗಳನ್ನೆಲ್ಲ ಎಳೆದುಕೊಂಡು ಕಣಿವೆಗಳಲ್ಲಿ ಧಾವಿಸುವ ಲಹಾರ್ ಅದು. ಸುಮಾರು 5,600 ವರ್ಷಗಳ ಹಿಂದೆ ಹರಿದ ಅಂಥದ್ದೊಂದು ಪ್ಯೂಜೆಟ್ ಸೌಂಡ್ ಕಡಲನ್ನೇ ಮುಟ್ಟಿತ್ತು. ಪರ್ವತದ ಪಶ್ಚಿಮದ ಆರ್ಟಿಂಗ್ ಊರು ಸುಮಾರು 500 ವರ್ಷಗಳ ಹಿಂದಿನ ಇನ್ನೊಂದು ಕೆಸರಿನ ಹಾಸಿನ ಮೇಲೆ ಕೂತಿದೆ. ಅಲ್ಲಿ ಎಚ್ಚರಿಕೆಯ ಸೈರನ್‌ಗಳಿವೆ, ಶಾಲೆಯ ಮಕ್ಕಳಿಗೆ ಎತ್ತರದ ಜಾಗಕ್ಕೆ ನಡೆಯುವ ತಾಲೀಮಿದೆ.

ಹೆಸರಿನ ಹಿಂದೆ, ಹೆಜ್ಜೆಗಳ ಹಿಂದೆ

ನಿಸ್ಕ್ವಾಲಿ, ಪುಯಾಲಪ್, ಯಾಕಮಾ, ಕೌಲಿಟ್ಜ್ ಮೊದಲಾದ ಮೂಲನಿವಾಸಿಗಳಿಗೆ ಇದು ಸಾವಿರಾರು ವರ್ಷಗಳಿಂದ ತಹೋಮಾ. ಈಗಿನ ಹೆಸರಿಟ್ಟವನು ಇಂಗ್ಲಿಷ್ ನಾವಿಕ ಜಾರ್ಜ್ ವ್ಯಾಂಕೂವರ್. ಕಾಲ 1792ರ ಮೇ. ಗೆಳೆಯ ಪೀಟರ್ ರೈನಿಯರ್‌ನ ಹೆಸರನ್ನು ಅವನು ಪರ್ವತಕ್ಕೆ ಕೊಟ್ಟ. ಈ ರೈನಿಯರ್ ನಮ್ಮ ಚರಿತ್ರೆಯ ಅಂಚಿನಲ್ಲೂ ಬರುತ್ತಾನೆ. 1782-83ರಲ್ಲಿ ಹೈದರಾಲಿಗೆ ನೆರವಾಗಲು ಬಂದ ಫ್ರೆಂಚ್ ನೌಕಾಧಿಪತಿ ಸಫ್ರೆನ್‌ನ ಹಡಗುಗಳ ವಿರುದ್ಧ ಕಾದಾಡಿದ ಬ್ರಿಟಿಷ್ ಪಡೆಯಲ್ಲಿ ಬರ್ಫರ್ಡ್ ಎಂಬ ಯುದ್ಧನೌಕೆಯ ಕಪ್ತಾನ ಅವನು. ರೈನಿಯರ್ ಈ ಪರ್ವತವನ್ನು ಒಮ್ಮೆಯೂ ಕಂಡವನಲ್ಲ.

1870ರಲ್ಲಿ ಹಜಾರ್ಡ್ ಸ್ಟೀವನ್ಸ್ ಮತ್ತು ಫಿಲೆಮನ್ ವ್ಯಾನ್ ಟ್ರಂಪ್ ಶಿಖರ ಮುಟ್ಟಿದರು. ದಾಖಲೆಯಲ್ಲಿರುವ ಮೊದಲ ಆರೋಹಣ ಅದು. ಬುಡದವರೆಗೆ ಅವರಿಗೆ ದಾರಿ ತೋರಿಸಿದವನು ಸ್ಲೂಸ್ಕಿನ್ ಎಂಬ ಮೂಲನಿವಾಸಿ. 1890ರಲ್ಲಿ ಫೇ ಫುಲರ್ ಎಂಬ ಶಿಕ್ಷಕಿ ತುದಿ ತಲುಪಿ, ಹಾಗೆ ತಲುಪಿದ ಮೊದಲ ಮಹಿಳೆ ಎನಿಸಿದಳು. 1963ರಲ್ಲಿ ಎವರೆಸ್ಟ್ ಏರಿದ ಅಮೆರಿಕದ ತಂಡ ಅದಕ್ಕೂ ಮೊದಲು ಅಭ್ಯಾಸ ಮಾಡಿದ್ದು ಇದೇ ಹಿಮದ ಮೇಲೆ. ಆ ತಂಡದ ಜಿಮ್ ವಿಟೇಕರ್ ಜೊತೆ ಎವರೆಸ್ಟ್ ತುದಿಯಲ್ಲಿ ನಿಂತವರು ಡಾರ್ಜಿಲಿಂಗ್‌ನ ನವಾಂಗ್ ಗೊಂಬು. 1965ರಲ್ಲಿ ಭಾರತದ ತಂಡದೊಂದಿಗೆ ಮತ್ತೆ ಏರಿ, ಎರಡು ಸಲ ಎವರೆಸ್ಟ್ ಮುಟ್ಟಿದ ಮೊದಲಿಗರಾದರು.

ಪನೋರಮಾದಿಂದ ಮೇಲಕ್ಕೆ ಮ್ಯೂರ್ ಹಿಮಬಯಲು. ಅದರ ತುದಿಯಲ್ಲಿ ಹತ್ತು ಸಾವಿರ ಅಡಿ ದಾಟಿದ, ಶಿಖರ ಏರುವವರು ತಂಗುವ ಕ್ಯಾಂಪ್ ಮ್ಯೂರ್. ಹೆಗಲ ಮೇಲೆ ಹಗ್ಗ ಸುತ್ತಿಕೊಂಡವರು ಸಣ್ಣ ಚುಕ್ಕೆಗಳಾಗಿ ಅತ್ತ ಏರುತ್ತಿದ್ದರು. ಮೋಡ ಇಳಿದರೆ ನೆಲ ಆಕಾಶ ಒಂದೇ ಬಿಳಿಯಾಗಿ ದಿಕ್ಕು ತಪ್ಪುವ ಬಯಲು ಅದು. ಅನುಭವಿಗಳೂ ಅಲ್ಲಿ ದಾರಿ ತಪ್ಪಿ ಪ್ರಾಣ ಬಿಟ್ಟಿದ್ದಾರೆ. ನನ್ನ ಗುರಿ ಇಲ್ಲಿಗೇ ಮುಗಿದಿತ್ತು.

ಇಳಿಯುವಾಗ

ಮಧ್ಯಾಹ್ನದ ಹಿಮ ಮೆತ್ತಗಾಗಿತ್ತು. ಹಿಮ್ಮಡಿ ಊರಿ, ಮೊಣಕಾಲು ಸಡಿಲ ಬಿಟ್ಟು ಇಳಿದರೆ ಸುಖ. ಕೂತು ಜಾರುವ ಆಸೆ ಎಲ್ಲರಿಗೂ ಬರುತ್ತದೆ. ಕೆಳಗೆ ಬಂಡೆ, ತೊರೆ, ಚಾಚಿದ ಹಿಮದ ಅಂಚು ಯಾವುದೂ ಇಲ್ಲವೆಂದು ಕಣ್ಣಾರೆ ಕಂಡಿದ್ದರೆ ಮಾತ್ರ ಜಾರಬಹುದು, ಅದೂ ಮೈಕ್ರೋಸ್ಪೈಕ್ ಕಳಚಿದ ಮೇಲೆ.

ಕೆಳಗೆ ಬಂದಂತೆ ಹಿಮದ ಅಂಚು ಸರಿದು ಅಲ್ಲಲ್ಲಿ ಕಂದು ನೆಲ ಕಾಣುತ್ತದೆ. ಹಿಮ ಬಿಟ್ಟ ಮರುಗಳಿಗೆಯೇ ಅವಲಾಂಚ್ ಲಿಲ್ಲಿಯ ಮೊಳಕೆ ಮೇಲೇಳುತ್ತದೆ. ಕೆಸರು ತಪ್ಪಿಸಲು ಜನ ಕಾಲಿಡುವುದು ಆ ಮೊಳಕೆಗಳ ಮೇಲೆಯೇ. ಇಲ್ಲಿನ ಗಿಡಗಳಿಗೆ ಬೆಳೆಯಲು ಸಿಗುವುದು ವರ್ಷದ ಕೆಲವೇ ವಾರ. ತುಳಿದ ಜಾಗ ಮತ್ತೆ ಹಸಿರಾಗಲು ವರ್ಷಗಳು ಬೇಕು. ಹಿಮದ ಮೇಲೆ ನಡೆಯಿರಿ, ಇಲ್ಲವೇ ದಾರಿಯ ಮೇಲೆ ನಡೆಯಿರಿ. ಇವೆರಡರ ನಡುವಿನ ಮೆತ್ತನೆಯ ನೆಲಕ್ಕೆ ಕಾಲಿಡಬೇಡಿ.

ಈ ಹಿಮ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೆನಪಿಡಬೇಕು. ಇದು ಕರಗಿ ನಿಸ್ಕ್ವಾಲಿಯಾಗಿ, ಆಲ್ಡರ್‌ನಲ್ಲಿ ವಿದ್ಯುತ್ ಕೊಟ್ಟು, ಪ್ಯೂಜೆಟ್ ಸೌಂಡ್ ಸೇರುವ ಅಳಿವೆಯಲ್ಲಿ ಸಾಲ್ಮನ್ ಮೀನಿಗೆ ತಂಪು ನೀರಾಗುತ್ತದೆ. ಆ ಮೀನು ಹಿಡಿಯುವ ಹಕ್ಕಿಗಾಗಿ ನಿಸ್ಕ್ವಾಲಿ ಜನರ ಬಿಲ್ಲಿ ಫ್ರಾಂಕ್ ಜೂನಿಯರ್ ಮತ್ತೆ ಮತ್ತೆ ಜೈಲು ಕಂಡರು. ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿದ್ದ ಮೂಲನಿವಾಸಿಗಳಿಗೆ ಮೀನಿನ ಅರ್ಧಪಾಲು ಸಲ್ಲುತ್ತದೆಂದು 1974ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಅಳಿವೆಯ ವನ್ಯಧಾಮಕ್ಕೆ ಈಗ ಬಿಲ್ಲಿ ಫ್ರಾಂಕ್ ಅವರದೇ ಹೆಸರು. ಹಿಮನದಿ ಕುಗ್ಗಿದರೆ ಬೇಸಿಗೆಯ ಕೊನೆಯಲ್ಲಿ ಆ ನದಿಗೆ ಬರುವ ತಂಪು ನೀರೂ ಕುಗ್ಗುತ್ತದೆ.

ಹೊರಡುವವರಿಗೆ ಇಷ್ಟು: ವಾರದ ಮಧ್ಯದ ದಿನ ಆರಿಸಿಕೊಳ್ಳಿ, ಬೆಳಗ್ಗೆ ಬೇಗ ಬನ್ನಿ. ನೀರು ತಡೆಯುವ ಬೂಟು, ಮೈಕ್ರೋಸ್ಪೈಕ್, ಕೋಲು, ಗಾಳಿಮಳೆ ತಡೆಯುವ ಜಾಕೆಟ್, ಕಪ್ಪು ಕನ್ನಡಕ, ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುವ ನಕ್ಷೆ ಜೊತೆಗಿರಲಿ. ರೇಂಜರ್‌ಗಳನ್ನು ಕೇಳದೆ ಹೆಜ್ಜೆ ಇಡಬೇಡಿ. ಊರಿಂದ ಬಂದ ಹಿರಿಯರಿದ್ದರೆ ಪ್ಯಾರಡೈಸ್‌ನ ಅಂಗಳದಲ್ಲೇ ಅವರಿಗೆ ಪರ್ವತ ಪೂರ್ತಿ ಸಿಗುತ್ತದೆ; ಮೇಲಕ್ಕೆ ಒತ್ತಾಯಿಸಬೇಡಿ. ಪನೋರಮಾ ಪಾಯಿಂಟ್ ಜೂನಿನಲ್ಲಿ ಸಿದ್ಧತೆ ಮಾಡಿಕೊಂಡವರಿಗೆ ಮಾತ್ರ. ಕೊನೆಯ ಕಡಿದಾದ ಏರು ಬೇಡವೆಂದರೆ ಗ್ಲೇಸಿಯರ್ ವಿಸ್ಟಾದಿಂದ ಹಿಂತಿರುಗಿ, ಅದೂ ಕಷ್ಟವೆನಿಸಿದರೆ ಆಲ್ಟಾ ವಿಸ್ಟಾದಿಂದ. ಆದರೆ ಹೂವಿನ ಕಾಲಕ್ಕೆಂದು ಕಾಯುತ್ತ ಈ ತಿಂಗಳನ್ನು ಬಿಟ್ಟುಬಿಡಬೇಡಿ. ಹಿಮನದಿಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿವೆ. ನೋಡಬೇಕೆನ್ನುವವರು ಬೇಗ ಹೋಗಿ ನೋಡಿ, ಮಕ್ಕಳಿಗೂ ತೋರಿಸಿ.